ಬಾನುಲಿಯಲ್ಲಿ ಕಂಸಾಳೆ, ತಂಬೂರಿ: ಕೊಳ್ಳೇಗಾಲ ಸೀಮೆಯ ಹಾಡಿಕೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ಕನ್ನಡದ ಎರಡು ಮೌಖಿಕ ಮಹಾಕಾವ್ಯಗಳ ನೆಲೆ. ಮಲೆ ಮಹದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಬಾರಿಸುತ್ತ ಹಾಡಿದರೆ, ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ, ಗಗ್ಗರಗಳೊಡನೆ ಹಾಡುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡುಗಳದು ಬೇರೆಯೇ ಧಾಟಿ.

ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ಆಗ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು; ಕೊಳ್ಳೇಗಾಲವಾದರೋ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1955ರಲ್ಲಿ ಬೆಂಗಳೂರಿಗೆ ವರ್ಗಾವಣೆಗೊಂಡ ಕೇಂದ್ರದ ಬದಲಿಗೆ ಮೈಸೂರಿಗೆ ಮತ್ತೆ ಆಕಾಶವಾಣಿ ಬಂದದ್ದು 1974ರಲ್ಲಿ. ಆಕಾಶವಾಣಿಯ ಜಾನಪದ ಸಂಗೀತದ ಮೂಲಕ ಈ ಸೀಮೆಯ ಹಾಡಿಕೆ ಜಾತ್ರೆ, ಹರಕೆಗಳ ಆವರಣವನ್ನು ದಾಟಿ ನಗರದ ಮನೆಗಳನ್ನು ಮುಟ್ಟಿತು.

ತೊಡಕಿರುವುದು ಕಾಲಾವಧಿಯಲ್ಲಿ. ಮಹದೇಶ್ವರ ಕಾವ್ಯ 'ಸಾಲು'ಗಳಾಗಿ ಹಂಚಿಕೊಂಡಿದೆ. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು ಮುಂತಾದವನ್ನು ಇರುಳಿಡೀ ಹಾಡುವುದುಂಟು. ಮುಖ್ಯ ಗಾಯಕ ಕಥೆ ನಡೆಸುತ್ತಾನೆ, ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತದೆ, ನಡುನಡುವೆ ಗದ್ಯದ ಮಾತು, ನಗೆ, ಕೇಳುಗರ ಹೂಂಗುಟ್ಟುವಿಕೆ. ಹದಿನೈದು ಅಥವಾ ಮೂವತ್ತು ನಿಮಿಷಗಳ ಪ್ರಸಾರಕ್ಕೆ ಇಳಿಸಿದಾಗ ಉಳಿಯುವುದು ಮಟ್ಟು ಮಾತ್ರ, ಕಥೆ ಬಿಟ್ಟುಹೋಗುತ್ತದೆ. ಕಾವ್ಯವು 'ಜನಪದ ಗೀತೆ'ಯಾಗುವ ಈ ಮಾರ್ಪಾಡು ಸಣ್ಣದೇನಲ್ಲ. ಕಂಸಾಳೆಗೆ ಇನ್ನೊಂದು ನಷ್ಟವೂ ಇದೆ: ಅದರ ಬೀಸು, ಕುಣಿತ ಬಾನುಲಿಗೆ ಕಾಣದು.

ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿ ಎಫ್.ಎಂ. ಆರಂಭವಾಯಿತು. ಚಲನಚಿತ್ರ ಗೀತೆಗಳನ್ನೇ ನೆಚ್ಚಿದ ಈ ವಾಹಿನಿಗಳಲ್ಲಿ ಮಹದೇಶ್ವರನ ಮಟ್ಟು ಕೇಳಿಬಂದದ್ದು ಬಹುಮಟ್ಟಿಗೆ ಸಿನಿಮಾದ ದಾರಿಯಿಂದಲೇ. 1996ರ 'ಜನುಮದ ಜೋಡಿ'ಯಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆಯ ಹಾಡು ಅವರಿಗೆ ರಾಜ್ಯ ಪ್ರಶಸ್ತಿಯನ್ನೂ ತಂದಿತು. ಹಾಡು ಮನೆಮಾತಾಯಿತು, ಅದು ಯಾವ ಪರಂಪರೆಯದೆಂಬುದನ್ನು ಕೇಳಿದವರು ಕಡಿಮೆ.

ದೀರ್ಘ ಹಾಡಿಕೆಗೆ ಹೆಚ್ಚು ಒಗ್ಗಬಲ್ಲದ್ದು ಸಮುದಾಯ ಬಾನುಲಿ. 2006ರ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಇದಕ್ಕೆ ಅವಕಾಶ ನೀಡಿತು. ನೆರೆಯ ಮೈಸೂರು ಜಿಲ್ಲೆಯ ಸರಗೂರಿನಲ್ಲಿ 2012ರಲ್ಲಿ 'ಜನಧ್ವನಿ' ಆರಂಭವಾದದ್ದು ಹೀಗೆ. ಆದರೆ ಇಂಥ ಕೇಂದ್ರಗಳ ವ್ಯಾಪ್ತಿ ಸಾಮಾನ್ಯವಾಗಿ 10ರಿಂದ 15 ಕಿಲೋಮೀಟರ್. ಹನೂರಿನಿಂದ ಮಹದೇಶ್ವರ ಬೆಟ್ಟದವರೆಗಿನ ಗುಡ್ಡಗಾಡಿನಲ್ಲಿ ಒಂದೇ ಪ್ರಸಾರ ಗೋಪುರ ಸಾಲದು. ಇಡೀ ಸಾಲನ್ನು ಕೇಳಬೇಕೆನ್ನುವವರು ಇಂದಿಗೂ ಜನವರಿಯ ಆಸುಪಾಸಿನ ಚಿಕ್ಕಲ್ಲೂರು ಜಾತ್ರೆಗೋ ಶಿವರಾತ್ರಿಯ ಬೆಟ್ಟಕ್ಕೋ ಹೋಗುತ್ತಾರೆ.