ಕೊಟ್ಟಿಗೆಯಿಂದ ಕಾಡಿಗೆ ದಾಟಿದ ದೊಡ್ಡರೋಗ

ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಯ ಹಳೆಯ ರೈತರಿಗೆ ‘ದೊಡ್ಡರೋಗ’ ಎಂದರೆ ವಿವರಿಸಿ ಹೇಳಬೇಕಿಲ್ಲ. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. ಕೆಲವೇ ದಿನಗಳಲ್ಲಿ ಕೊಟ್ಟಿಗೆ ಬರಿದು. ರಿಂಡರ್‌ಪೆಸ್ಟ್ ಎಂಬುದು ಇದೇ. ಆದರೆ ಈ ರೋಗ ಊರಗಡಿಯಲ್ಲಿ ನಿಲ್ಲಲಿಲ್ಲ ಎಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳಿಗೆ ಹೊಕ್ಕ ದೊಡ್ಡರೋಗಕ್ಕೆ ಕಾಟಿಗಳು ಹಿಂಡುಹಿಂಡಾಗಿ ಬಲಿಯಾದವು. ಕಾಡಂಚಿನ ಹಳ್ಳಿಗಳ ದನ ಮೇಯುವುದು ಕಾಡಿನಲ್ಲಿ. ನೀರು ಕುಡಿಯುವುದು ಕಾಟಿಗಳು ಕುಡಿಯುವ ಕೆರೆಯಲ್ಲೇ. ರೋಗಿ ದನದ ಉಸಿರು, ಜೊಲ್ಲು, ಸಗಣಿಯಲ್ಲಿದ್ದ ವೈರಸ್ಸಿಗೆ ಅಷ್ಟೇ ಸಾಕಾಗಿತ್ತು.

ಹಾಗಾದರೆ ಕಾಡುಪ್ರಾಣಿಗಳೇ ರೋಗದ ಕಣಜವೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಪೂರ್ವ ಆಫ್ರಿಕದ ಸೆರೆಂಗೆಟಿಯಲ್ಲಿ. ಅಲ್ಲಿ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, ಒಂದೇ ಒಂದು ಚುಚ್ಚುಮದ್ದೂ ಕಾಣದ ವಿಲ್ಡೆಬೀಸ್ಟ್‌ಗಳಿಂದಲೂ 1960ರ ದಶಕದಲ್ಲಿ ರೋಗ ಮಾಯವಾಯಿತು. 1970ರ ದಶಕದ ಕೊನೆಗೆ ಅವುಗಳ ಸಂಖ್ಯೆ 10 ಲಕ್ಷ ಮೀರಿತು. ರೋಗದ ಬೇರು ಕಾಡಿನಲ್ಲಿರಲಿಲ್ಲ, ಕೊಟ್ಟಿಗೆಯಲ್ಲಿತ್ತು.

ನಮ್ಮಲ್ಲೂ ಕೊಟ್ಟಿಗೆಯಿಂದಲೇ ಕೆಲಸ ನಡೆದಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಇಂದಿರುವ ಪಶು ಆರೋಗ್ಯ ಸಂಸ್ಥೆ, ದೊಡ್ಡರೋಗ ತಡೆಯಲೆಂದೇ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಹುಟ್ಟಿತು. 1954ರಲ್ಲಿ ದೇಶವ್ಯಾಪಿ ಲಸಿಕೆ ಕಾರ್ಯಕ್ರಮ ಶುರುವಾಯಿತು. ಭಾರತದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ, ತಮಿಳುನಾಡಿನ ಉತ್ತರ ಆರ್ಕಾಟ್ ಕಡೆ; ಕೆ.ಜಿ.ಎಫ್.ಗೆ ಅದೇನೂ ದೂರದ ಸೀಮೆಯಲ್ಲ. 2011ರಲ್ಲಿ ಜಗತ್ತೇ ಈ ರೋಗದಿಂದ ಮುಕ್ತವಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗವಿದು.

ಕತೆ ಇಲ್ಲಿಗೇ ಮುಗಿಯುವುದಿಲ್ಲ. ದೊಡ್ಡರೋಗದ ದಾಯಾದಿಯೊಂದು ಉಳಿದಿದೆ: ಆಡು–ಕುರಿಗಳ ಪಿ.ಪಿ.ಆರ್. 1942ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಗುರುತಿಸಲಾದ ಇದು ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. 2016ರಲ್ಲಿ ಮಂಗೋಲಿಯಕ್ಕೆ ಬಂದ ರೋಗ ಸಾಕಿದ ಕುರಿ–ಮೇಕೆಗಳಿಂದ ದಾಟಿ ಸಾವಿರಾರು ಸೈಗಾ ಜಿಂಕೆಗಳನ್ನು ಕೊಂದಿತು. ಟಿಬೆಟ್ಟಿನ ಭರಲ್ ಎಂಬ ಕಾಡು ಕುರಿಗೂ ಅದು ತಗುಲಿದೆ.

ನಮ್ಮ ನಾಡಿನಲ್ಲಿ ನಿಜವಾದ ಕಾಡು ಕುರಿಗಳಿಲ್ಲ. ನಾವು ‘ಕಾಡುಕುರಿ’ ಎನ್ನುವುದು ಕೂಡ ಜಿಂಕೆಯ ಜಾತಿ. ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. ಕೆ.ಜಿ.ಎಫ್. ಸುತ್ತಿನ ಬಯಲಲ್ಲಿ ಕೃಷ್ಣಮೃಗಗಳಿವೆ. ಕುರಿಮಂದೆ ಮೇಯುವುದೂ ಇಂಥ ಬಯಲುಗಳಲ್ಲೇ. ಕೃಷ್ಣಮೃಗವನ್ನು ಹಿಡಿದು ಸೂಜಿ ಚುಚ್ಚಲಾಗದು. ಕುರಿಗಾಹಿ ತನ್ನ ಮಂದೆಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಜಿಂಕೆಗೂ ಸಿಗುತ್ತದೆ. 2030ರೊಳಗೆ ಪಿ.ಪಿ.ಆರ್. ತೊಲಗಿಸುವ ಗುರಿ ಜಗತ್ತಿನ ಮುಂದಿದೆ. ಆ ದಾರಿಯೂ ಕೊಟ್ಟಿಗೆಯಿಂದಲೇ ಹೊರಡಬೇಕು.