ದುಡಿಯ ಸದ್ದು, ಊರೊರ್ಮೆಯ ಊಟ

ನಮ್ಮ ಕೊಡಗಿನಲ್ಲಿ ಹಾಡು ಕೇಳಲು ಹಿಂದೆ ಯಾರೂ ಟಿಕೆಟು ಕೊಂಡವರಲ್ಲ. ಹಾಡೇ ಮನೆಬಾಗಿಲಿಗೆ ಬರುತ್ತಿತ್ತು. ಹುತ್ತರಿಗೆ ಕದಿರು ತೆಗೆದ ಮೇಲೆ ಹಾಡುಗಾರರು ದುಡಿ ಹಿಡಿದು ಮನೆಮನೆಗೆ ಹೋಗಿ ಮನೆಪಾಟ್ ಹಾಡುತ್ತಿದ್ದರು. ನಾಲ್ಕು ಜನ, ಇಬ್ಬರು ಹೇಳಿದ್ದನ್ನು ಉಳಿದಿಬ್ಬರು ಎತ್ತಿಕೊಳ್ಳುವರು.

ಐನ್‌ಮನೆಯ ಕೈಯಾಲೆ ಇದಕ್ಕೆಂದೇ ಕಟ್ಟಿದ ಹಾಗಿತ್ತು. ಕೆತ್ತನೆಯ ಕಂಬಗಳ ನಡುವೆ ಅಗಲವಾದ ಹಲಗೆಯ ಐಮರ, ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ. ಐಮರದಲ್ಲಿ ಹಿರಿಯರು, ಮಕ್ಕಳಾದ ನಾವು ಕೆಳಗೆ. ಹಾಡಿನ ಅರ್ಥ ಅರ್ಧಂಬರ್ಧ ಆಗುತ್ತಿತ್ತು. ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ.

ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಿರಿಯರಿಂದ ಕೇಳಿ ಬರೆದು, 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಹೊರತಂದರು. ಇಲ್ಲದಿದ್ದರೆ ಎಷ್ಟೋ ಹಾಡು ಹಾಡುಗಾರರ ಜತೆಗೇ ಮಣ್ಣು ಸೇರುತ್ತಿತ್ತು. ಆದರೂ ಪುಸ್ತಕದಲ್ಲಿ ಪದ ಸಿಕ್ಕೀತು, ದುಡಿಯ ಪೆಟ್ಟು ಸಿಕ್ಕೀತೆ? ಅದನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು.

ಮನೆಪಾಟಿಗೆ ಬಂದ ಕಾಣಿಕೆ ಊರೊರ್ಮೆಗೆ ಸಲ್ಲುತ್ತಿತ್ತು. ಊರೆಲ್ಲ ಒಂದೆಡೆ ಕೂಡಿ ಉಣ್ಣುವ ಊಟ ಅದು. 1904ರಲ್ಲಿ ಸರಕಾರ ಸಹಕಾರ ಕಾಯಿದೆ ತಂದಿತು. ಕೂಡಿ ಸೇರಿಸಿ, ಹಂಚಿ ಉಣ್ಣುವುದನ್ನು ನಮ್ಮ ಹಿರಿಯರು ಅದಕ್ಕೂ ಮುಂಚೆ ದುಡಿ ಬಾರಿಸಿಕೊಂಡೇ ಕಲಿತಿದ್ದರು.

ಈಗ ಹಾಡಬಲ್ಲವರು ಪ್ರತಿ ಊರಿನಲ್ಲೂ ಬೆರಳೆಣಿಕೆ. ಸದಸ್ಯ ಬಾಂಧವರಲ್ಲಿ ಒಂದೇ ವಿನಂತಿ: ಅಟ್ಟದಲ್ಲಿ ದುಡಿ ಇದ್ದರೆ ಇಳಿಸಿ, ಧೂಳು ಒರೆಸಿ. ಬರುವ ಹುತ್ತರಿಯೊಳಗೆ ಮನೆಗೊಬ್ಬರಂತೆ ಮಕ್ಕಳನ್ನು ಹಿರಿಯರ ಪಕ್ಕ ಕೂರಿಸಿ. ನಾಲ್ಕು ಸಾಲು ಕಲಿತರೂ ಬೆಳ್ಳಿಹಬ್ಬ ಸಾರ್ಥಕವಾದೀತು.