ದ್ರವರೂಪದ ಔಷಧಿಗಳು: ತಯಾರಿಕೆಯ ತತ್ವ ಮತ್ತು ಹೊಲದಲ್ಲಿ ಸರಿಯಾದ ಮಿಶ್ರಣ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ಹಾಗೂ ಅದರ ಸುತ್ತಲಿನ ಒಣಬೇಸಾಯದ ಊರುಗಳಲ್ಲಿ ಮೆಕ್ಕೆಜೋಳ, ಜೋಳ, ಶೇಂಗಾ, ಸೂರ್ಯಕಾಂತಿ ಮತ್ತು ಈರುಳ್ಳಿ ಬೆಳೆಯುವ ರೈತ ಬಾಂಧವರಿಗೆ ಸಿಂಪರಣೆ ಹೊಸದಲ್ಲ. 2018ರಲ್ಲಿ ಶಿವಮೊಗ್ಗ ಭಾಗದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಫಾಲ್ ಸೈನಿಕ ಹುಳು ವರದಿಯಾಯಿತು. ಅದಾದ ಮೇಲೆ ಮೆಕ್ಕೆಜೋಳಕ್ಕೂ ಪ್ರತಿ ಹಂಗಾಮಿನಲ್ಲಿ ಔಷಧಿ ಕೊಳ್ಳುವುದು ಅನಿವಾರ್ಯವಾಗಿದೆ. ಆಗ ಪದೇ ಪದೇ ಕೇಳಿಬರುವ ಮಾತೊಂದಿದೆ: “ಎಣ್ಣೆ ಹೊಡೆದೆವು, ಹುಳು ಸಾಯಲಿಲ್ಲ.”

ಇದಕ್ಕೆ ನಕಲಿ ಔಷಧಿ, ತಡವಾದ ಸಿಂಪರಣೆ, ಹುಳುವಿನಲ್ಲಿ ಬೆಳೆದ ನಿರೋಧಕ ಶಕ್ತಿ ಹೀಗೆ ಹಲವು ಕಾರಣಗಳಿರಬಹುದು. ಆದರೆ ಮೊದಲು ಪರೀಕ್ಷಿಸಬೇಕಾದದ್ದು ನಿಮ್ಮ ಬಕೆಟ್ಟನ್ನು. ಔಷಧಿ ಯಾವ ರೂಪದಲ್ಲಿದೆ, ಅದು ನೀರಿನೊಡನೆ ಹೇಗೆ ಬೆರೆಯುತ್ತದೆ ಎಂಬುದನ್ನು ತಿಳಿಯದೆ ಕಲಸಿದರೆ ಒಳ್ಳೆಯ ಔಷಧಿಯೂ ಕೆಲಸ ಮಾಡುವುದಿಲ್ಲ. ಹುಳು ಸಾಯಲಿಲ್ಲವೆಂದು ಪ್ರಮಾಣವನ್ನು ಇಮ್ಮಡಿಗೊಳಿಸಿದರೆ ಖರ್ಚು ಮತ್ತು ವಿಷ ಎರಡೂ ಹೆಚ್ಚುತ್ತವೆ, ಫಲ ಹೆಚ್ಚುವುದಿಲ್ಲ. ಆದುದರಿಂದ ದ್ರವರೂಪದ ಔಷಧಿಗಳು ಹೇಗೆ ತಯಾರಾಗುತ್ತವೆ ಮತ್ತು ಅವನ್ನು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಾಟಲಿಯಲ್ಲಿ ಏನಿರುತ್ತದೆ?

ಕೀಟ ಅಥವಾ ರೋಗವನ್ನು ನಿಯಂತ್ರಿಸುವ ಮೂಲ ವಸ್ತುವಿಗೆ ‘ಸಕ್ರಿಯ ಘಟಕ’ ಎನ್ನುತ್ತಾರೆ. ಬಾಟಲಿಯಲ್ಲಿ ಇದರ ಪಾಲು ಸಾಮಾನ್ಯವಾಗಿ ಕಡಿಮೆ. ಉಳಿದದ್ದು ಅದನ್ನು ಕರಗಿಸುವ ದ್ರಾವಕ, ನೀರಿನಲ್ಲಿ ಬೆರೆಯುವಂತೆ ಮಾಡುವ ಸಾಬೂನಿನಂತಹ ವಸ್ತುಗಳು, ಕಣಗಳು ತಳಕ್ಕಿಳಿಯದಂತೆ ತಡೆಯುವ ಅಂಟು ಪದಾರ್ಥ ಮತ್ತು ಕೆಡದಂತೆ ಕಾಯುವ ಸಂರಕ್ಷಕಗಳು. ಮಕ್ಕಳಿಗೆ ಕೊಡುವ ಕೆಮ್ಮಿನ ಸಿರಪ್ಪಾಗಲಿ, ಕುರಿಗೆ ಕುಡಿಸುವ ಜಂತುನಾಶಕವಾಗಲಿ, ಬೆಳೆಗೆ ಸಿಂಪಡಿಸುವ ಕೀಟನಾಶಕವಾಗಲಿ, ತಯಾರಿಕೆಯ ತತ್ವ ಒಂದೇ: ಅಲ್ಪ ಪ್ರಮಾಣದ ಮದ್ದು ಪ್ರತಿ ಹನಿಯಲ್ಲೂ ಸಮನಾಗಿ ಇರಬೇಕು.

ಲೇಬಲ್ಲಿನ ಅಕ್ಷರಗಳ ಅರ್ಥ

ಔಷಧಿಯ ಹೆಸರಿನ ಮುಂದೆ ಒಂದು ಸಂಖ್ಯೆ ಮತ್ತು ಎರಡು ಅಕ್ಷರಗಳಿರುತ್ತವೆ. ಸಂಖ್ಯೆಯು ಸಕ್ರಿಯ ಘಟಕದ ಶೇಕಡಾ ಪ್ರಮಾಣವನ್ನೂ ಅಕ್ಷರಗಳು ಔಷಧಿಯ ರೂಪವನ್ನೂ ತಿಳಿಸುತ್ತವೆ.

ಎಸ್‌ಎಲ್: ಇದು ನೀರಿನಲ್ಲಿ ಪೂರ್ಣವಾಗಿ ಕರಗುವ ದ್ರಾವಣ. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಇದಕ್ಕೆ ಉದಾಹರಣೆ. ಉಪ್ಪು ನೀರಿನಲ್ಲಿ ಕರಗಿದಂತೆ ಇದು ಕರಗುವುದರಿಂದ ಮಿಶ್ರಣ ತಿಳಿಯಾಗಿ ಕಾಣುತ್ತದೆ ಮತ್ತು ಒಮ್ಮೆ ಬೆರೆತ ಮೇಲೆ ಬೇರ್ಪಡುವುದಿಲ್ಲ.

ಇಸಿ: ಸಕ್ರಿಯ ಘಟಕವು ನೀರಿನಲ್ಲಿ ಕರಗದಿದ್ದಾಗ ಅದನ್ನು ಎಣ್ಣೆಯಂತಹ ದ್ರಾವಕದಲ್ಲಿ ಕರಗಿಸಿ, ಎಣ್ಣೆ ಮತ್ತು ನೀರನ್ನು ಕೂಡಿಸುವ ವಸ್ತುವನ್ನು ಸೇರಿಸಿರುತ್ತಾರೆ. ಡೈಮಿಥೋಯೇಟ್ 30 ಇಸಿ ಈ ಬಗೆಯದು. ನೀರಿಗೆ ಹಾಕಿದೊಡನೆ ಎಣ್ಣೆಯು ಸೂಕ್ಷ್ಮ ಹನಿಗಳಾಗಿ ಹರಡಿ ಮಿಶ್ರಣ ಹಾಲಿನಂತಾಗುತ್ತದೆ. ಒಂದು ಲೋಟ ನೀರಿಗೆ ಕೆಲವು ಹನಿ ಹಾಕಿದಾಗ ಹಾಲಿನ ಬಣ್ಣ ಬಾರದೆ ಮೇಲೆ ಎಣ್ಣೆ ತೇಲಿದರೆ ಆ ಔಷಧಿ ಹಳೆಯದಾಗಿದೆ, ಬಿಸಿಲಿಗೆ ಕೆಟ್ಟಿದೆ ಅಥವಾ ನೀರು ಅತಿ ಗಡಸಾಗಿದೆ ಎಂದು ತಿಳಿಯಬೇಕು.

ಎಸ್‌ಸಿ: ಇಲ್ಲಿ ಸಕ್ರಿಯ ಘಟಕ ಕರಗಿರುವುದಿಲ್ಲ. ಅದನ್ನು ಅತಿ ನುಣ್ಣಗೆ ಅರೆದು, ಕಣಗಳು ದ್ರವದಲ್ಲಿ ತೇಲುವಂತೆ ಮಾಡಿರುತ್ತಾರೆ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಮತ್ತು ಸ್ಪೈನಟೋರಮ್ 11.7 ಎಸ್‌ಸಿ ಈ ಗುಂಪಿನವು. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯಲ್ಲಿ ಕಣಗಳು ತಳಕ್ಕಿಳಿಯುತ್ತವೆ. ಆದ್ದರಿಂದ ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸುವುದು ಕಡ್ಡಾಯ.

ಎಸ್‌ಜಿ ಮತ್ತು ಡಬ್ಲ್ಯುಪಿ: ಇವು ಘನರೂಪದವಾದರೂ ಬಕೆಟ್ಟಿನಲ್ಲಿ ದ್ರವವಾಗುತ್ತವೆ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಹರಳುಗಳು ನೀರಿನಲ್ಲಿ ಕರಗುತ್ತವೆ. ಅಟ್ರಜಿನ್ 50 ಡಬ್ಲ್ಯುಪಿ ಕರಗದು, ತೇಲುವ ಪುಡಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಎರಡನೆಯದನ್ನು ಸಿಂಪಡಿಸುವಾಗ ಟ್ಯಾಂಕನ್ನು ಆಗಾಗ ಅಲುಗಾಡಿಸುತ್ತಿರಬೇಕು.

ಅಲುಗಾಡಿಸದಿದ್ದರೆ ಆಗುವ ನಷ್ಟ

ಮೆಕ್ಕೆಜೋಳದ ಸೈನಿಕ ಹುಳುವಿಗೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಔಷಧಿಯನ್ನು ಪ್ರತಿ ಲೀಟರ್ ನೀರಿಗೆ 0.4 ಮಿ.ಲೀ. ಪ್ರಮಾಣದಲ್ಲಿ ಶಿಫಾರಸು ಮಾಡಲಾಗಿದೆ. 15 ಲೀಟರಿನ ಟ್ಯಾಂಕಿಗೆ 6 ಮಿ.ಲೀ. ಸಾಕು. ಎಕರೆಗೆ 200 ಲೀಟರ್ ದ್ರಾವಣವೆಂದರೆ 80 ಮಿ.ಲೀ. ಔಷಧಿ. ಆ 6 ಮಿ.ಲೀ.ನಲ್ಲಿ ಇರುವ ಸಕ್ರಿಯ ಘಟಕ ಸುಮಾರು 1.2 ಗ್ರಾಂ ಮಾತ್ರ. ಇಷ್ಟು ಅಲ್ಪ ವಸ್ತುವು 15 ಲೀಟರ್ ನೀರಿನಲ್ಲಿ ಸಮನಾಗಿ ಹರಡಬೇಕು.

ಬಾಟಲಿಯನ್ನು ಅಲುಗಾಡಿಸದೆ ಬಗ್ಗಿಸಿದರೆ ಮೊದಲ ಟ್ಯಾಂಕುಗಳಿಗೆ ಮೇಲಿನ ತೆಳು ದ್ರವವೂ ಕೊನೆಯ ಟ್ಯಾಂಕುಗಳಿಗೆ ತಳದ ಗಟ್ಟಿಯೂ ಬೀಳುತ್ತದೆ. ಹೊಲದ ಒಂದು ಬದಿಯಲ್ಲಿ ಹುಳು ಉಳಿಯುತ್ತದೆ, ಇನ್ನೊಂದು ಬದಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ವಿಷ ಬೀಳುತ್ತದೆ. ಬಾಟಲಿಯ ಮುಚ್ಚಳದಿಂದ ಅಂದಾಜಿಗೆ ಅಳೆಯುವುದೂ ಇದೇ ತಪ್ಪಿಗೆ ದಾರಿ. ಗೆರೆಯಿರುವ ಅಳತೆಯ ಲೋಟ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿರಿ. ಅದನ್ನು ಈ ಕೆಲಸಕ್ಕಷ್ಟೇ ಮೀಸಲಿಡಿ.

ಶೇಕಡಾ ಸಂಖ್ಯೆ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಕಳೆದ ವರ್ಷ ಒಂದು ಕಂಪನಿಯ ಔಷಧಿಯನ್ನು ಇಷ್ಟು ಹಾಕಿದ್ದೆವೆಂದು ಈ ವರ್ಷ ಬೇರೊಂದು ಬಾಟಲಿಯಿಂದ ಅಷ್ಟೇ ಹಾಕಬೇಡಿ. ಪ್ರತಿ ಬಾರಿಯೂ ಲೇಬಲ್ ಓದಿರಿ.

ನೀರೂ ಒಂದು ಘಟಕ

ಟ್ಯಾಂಕಿನಲ್ಲಿ ಬಹುಪಾಲು ಇರುವುದು ನೀರೇ. ಬೇಳೆ ಬೇಯದ, ಸೋಪು ನೊರೆ ಬಾರದ ನೀರನ್ನು ಗಡಸು ನೀರೆಂದು ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದಲೂ ಗುರುತಿಸುತ್ತಾರೆ. ಅದೇ ಪರೀಕ್ಷೆ ಸಿಂಪರಣೆಗೂ ಅನ್ವಯಿಸುತ್ತದೆ. ಇಂತಹ ನೀರಿನಲ್ಲಿರುವ ಸುಣ್ಣದ ಅಂಶವು ಇಸಿ ಔಷಧಿಗಳ ಹಾಲಿನಂತಹ ಮಿಶ್ರಣವನ್ನು ಒಡೆಯಬಲ್ಲದು. ಮೆಕ್ಕೆಜೋಳದ ಕಳೆಗೆ ಬಳಸುವ 2,4-ಡಿ ಅಮೈನ್ ಲವಣವು ಈ ಅಂಶದೊಡನೆ ಸೇರಿ ಕರಗದ ಗಸಿಯಾಗಬಹುದು.

ನೀರಿನ ರಸಸಾರವೂ ಮುಖ್ಯ. ರಸಸಾರ 7ಕ್ಕಿಂತ ಹೆಚ್ಚಾದಷ್ಟೂ ನೀರು ಕ್ಷಾರೀಯವಾಗುತ್ತದೆ. ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕವು ರಸಸಾರ 7ರಲ್ಲಿ ಹಲವು ಗಂಟೆ ಉಳಿದರೆ, 8ಕ್ಕೆ ಏರಿದಾಗ ನಿಮಿಷಗಳಲ್ಲೇ ಒಡೆಯತೊಡಗುತ್ತದೆ. ರಂಜಕಯುಕ್ತ ಕೀಟನಾಶಕಗಳಲ್ಲೂ ಹಲವು ಕ್ಷಾರೀಯ ನೀರಿನಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತವೆ. ಬೆಳಿಗ್ಗೆ ಕಲಸಿಟ್ಟ ದ್ರಾವಣವನ್ನು ಸಂಜೆ ಹೊಡೆಯಬಾರದೆಂಬ ಸಲಹೆಗೆ ಇದೇ ಕಾರಣ.

ನಿಮ್ಮ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ. ನೀರು ಗಡಸಾಗಿದ್ದರೆ ಕೃಷಿ ಹೊಂಡ ಅಥವಾ ಕೆರೆಯ ನೀರನ್ನು ಪಾತ್ರೆಯಲ್ಲಿ ನಿಲ್ಲಿಸಿ, ಕೆಸರು ತಳಕ್ಕಿಳಿದ ಮೇಲೆ ಬಟ್ಟೆಯಲ್ಲಿ ಸೋಸಿ ಬಳಸಿರಿ. ಕೆಸರಿನ ಜೇಡಿ ಕಣಗಳಿಗೆ ಕೆಲವು ಔಷಧಿಗಳು ಅಂಟಿಕೊಂಡು ನಿಷ್ಫಲವಾಗುತ್ತವೆ, ಸಿಂಪರಣೆಯ ನಾಜಲ್ಲೂ ಕಟ್ಟಿಕೊಳ್ಳುತ್ತದೆ.

ಮಿಶ್ರಣ ಮಾಡುವ ಕ್ರಮ

1. ಟ್ಯಾಂಕಿಗೆ ಅರ್ಧದಷ್ಟು ಶುದ್ಧ ನೀರು ತುಂಬಿಸಿರಿ.
2. ಬೇರೊಂದು ಬಕೆಟ್ಟಿನಲ್ಲಿ ಒಂದೆರಡು ಲೀಟರ್ ನೀರಿಗೆ ಅಳತೆಯ ಔಷಧಿ ಹಾಕಿ ಕೋಲಿನಿಂದ ಕಲಕಿರಿ. ಕೈಯಿಂದ ಎಂದಿಗೂ ಕಲಕಬಾರದು.
3. ಈ ಮಿಶ್ರಣವನ್ನು ಸೋಸಿ ಟ್ಯಾಂಕಿಗೆ ಸುರಿದು, ಉಳಿದ ನೀರನ್ನು ಸೇರಿಸಿರಿ.
4. ಒಂದಕ್ಕಿಂತ ಹೆಚ್ಚು ಔಷಧಿ ಬೆರೆಸಲು ಶಿಫಾರಸು ಇದ್ದರೆ ಮಾತ್ರ ಬೆರೆಸಿರಿ. ಆಗ ಮೊದಲು ಪುಡಿ ಮತ್ತು ಹರಳು, ನಂತರ ಎಸ್‌ಸಿ, ಆಮೇಲೆ ಇಸಿ, ಕೊನೆಗೆ ಎಸ್‌ಎಲ್ ಹಾಗೂ ಅಂಟು ದ್ರವ ಎಂಬ ಕ್ರಮ ಅನುಸರಿಸಿರಿ. ಒಂದು ಬೆರೆತ ನಂತರವೇ ಇನ್ನೊಂದನ್ನು ಹಾಕಬೇಕು.
5. ಹೊಸ ಜೋಡಿಯಾದರೆ ಮೊದಲು ಗಾಜಿನ ಬಾಟಲಿಯಲ್ಲಿ ಅದೇ ಅನುಪಾತದಲ್ಲಿ ಒಂದು ಲೀಟರ್ ಕಲಸಿ ಅರ್ಧ ಗಂಟೆ ಬಿಡಿರಿ. ಮೊಸರಿನಂತೆ ಒಡೆದರೆ, ಗಸಿ ಕುಳಿತರೆ, ಪದರ ಬೇರ್ಪಟ್ಟರೆ ಅಥವಾ ಬಿಸಿಯಾದರೆ ಆ ಜೋಡಿಯನ್ನು ಬಳಸಬೇಡಿ. ಈ ಪರೀಕ್ಷೆ ಬೆರಕೆಯನ್ನಷ್ಟೇ ತಿಳಿಸುತ್ತದೆ, ಬೆಳೆಗೆ ಸುಡುವುದೋ ಇಲ್ಲವೋ ಎಂಬುದನ್ನಲ್ಲ. ಅದಕ್ಕಾಗಿ ಕೆಲವೇ ಗಿಡಗಳಿಗೆ ಸಿಂಪಡಿಸಿ ಎರಡು ಮೂರು ದಿನ ನೋಡಿರಿ.

ಈರುಳ್ಳಿಯ ಎಲೆ ಮೇಣದಂತಿರುವುದರಿಂದ ಹನಿಗಳು ಜಾರಿಹೋಗುತ್ತವೆ. ಅಲ್ಲಿ ಅಂಟು ದ್ರವ ಸೇರಿಸುವುದು ಅವಶ್ಯ. ಮೆಕ್ಕೆಜೋಳದಲ್ಲಿ ಹುಳು ಸುಳಿಯೊಳಗಿರುವುದರಿಂದ ದ್ರಾವಣ ಸುಳಿಗೇ ಬೀಳುವಂತೆ ಸಿಂಪಡಿಸಬೇಕು.

ಮನೆಯಲ್ಲೇ ತಯಾರಿಸಬಹುದಾದ ಎರಡು ದ್ರಾವಣಗಳು

ಶೇ. 5ರ ಬೇವಿನ ಬೀಜದ ಕಷಾಯ: 5 ಕಿ.ಗ್ರಾಂ ಬೇವಿನ ಬೀಜದ ತಿರುಳನ್ನು ಪುಡಿಮಾಡಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ. ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ, 100 ಗ್ರಾಂ ಸೋಪಿನ ಪುಡಿ ಸೇರಿಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಬೆರೆಸಿರಿ. ಬೇವಿನ ಎಣ್ಣೆಯ ಅಂಶವನ್ನು ನೀರಿನೊಡನೆ ಕೂಡಿಸುವುದು ಈ ಸೋಪೇ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಅದೇ ದಿನ ಸಂಜೆ ಸಿಂಪಡಿಸಿರಿ. ಸೈನಿಕ ಹುಳುವಿನ ಮೊಟ್ಟೆ ಮತ್ತು ಚಿಕ್ಕ ಮರಿಗಳ ಹಂತದಲ್ಲಿ ಇದು ಉಪಯುಕ್ತ. ಬಲಿತ ಹುಳುವಿಗೆ ಇದೊಂದನ್ನೇ ನಂಬಬಾರದು.

ಶೇ. 1ರ ಬೋರ್ಡೋ ದ್ರಾವಣ: ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಇದರ ಬಳಕೆಯನ್ನು ಮಲೆನಾಡಿನಲ್ಲಿ ಪ್ರಚುರಪಡಿಸಿದರು. ಇಂದು ನಮ್ಮ ಭಾಗದ ದಾಳಿಂಬೆ ತೋಟಗಳಲ್ಲೂ ಇದು ಬಳಕೆಯಲ್ಲಿದೆ. 1 ಕಿ.ಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿ.ಗ್ರಾಂ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕಲಸಿರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕುತ್ತಿರಬೇಕು. ಕ್ರಮವನ್ನು ತಿರುವುಮುರುವು ಮಾಡಬಾರದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯನ್ನೇ ಬಳಸಿರಿ. ಹೊಳಪಿನ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರು ಸೇರಿಸಿರಿ. ಇಲ್ಲವಾದರೆ ಎಲೆ ಸುಡುತ್ತದೆ. ಇದು ಕ್ಷಾರೀಯ ದ್ರಾವಣವಾದ್ದರಿಂದ ಬೇರೆ ಔಷಧಿಗಳೊಂದಿಗೆ ಬೆರೆಸಬೇಡಿ. ತಯಾರಿಸಿದ ದಿನವೇ ಬಳಸಿರಿ.

ಕುರಿ ಸಾಕುವವರ ಗಮನಕ್ಕೆ

ಜಂತುನಾಶಕ ಅಲ್ಬೆಂಡಜೋಲ್ ಕೂಡ ತೇಲುಕಣಗಳ ದ್ರವವೇ. ಶೇ. 2.5ರ ಔಷಧಿಯ ಪ್ರತಿ ಮಿ.ಲೀ.ನಲ್ಲಿ 25 ಮಿ.ಗ್ರಾಂ ಮದ್ದಿರುತ್ತದೆ. ಪಶುವೈದ್ಯರು ಕಿಲೋ ತೂಕಕ್ಕೆ 7.5 ಮಿ.ಗ್ರಾಂ ಎಂದು ಸೂಚಿಸಿದರೆ 20 ಕಿಲೋ ಕುರಿಗೆ 150 ಮಿ.ಗ್ರಾಂ, ಅಂದರೆ 6 ಮಿ.ಲೀ. ಕುಡಿಸಬೇಕು. ಡಬ್ಬಿ ಅಲುಗಾಡಿಸದಿದ್ದರೆ ಹಿಂಡಿನ ಮೊದಲ ಕುರಿಗಳಿಗೆ ಮದ್ದು ಕಡಿಮೆಯಾಗಿ ಜಂತು ಉಳಿಯುತ್ತದೆ. ಕುರಿಯ ತಲೆಯನ್ನು ಅತಿಯಾಗಿ ಮೇಲೆತ್ತಿ ಕುಡಿಸಬೇಡಿ, ದ್ರವ ಶ್ವಾಸಕೋಶಕ್ಕೆ ಹೋಗಬಹುದು. ಗಬ್ಬದ ಮೊದಲ ತಿಂಗಳುಗಳಲ್ಲಿ ಈ ಔಷಧಿ ಅಪಾಯಕಾರಿ. ಪಶುವೈದ್ಯರನ್ನು ಕೇಳದೆ ಕೊಡಬೇಡಿ.

ಸುರಕ್ಷತೆ

ಅತಿ ಹೆಚ್ಚಿನ ಅಪಾಯವಿರುವುದು ಸಿಂಪಡಿಸುವಾಗಲ್ಲ, ನೀರು ಬೆರೆಸದ ಔಷಧಿಯನ್ನು ಅಳೆಯುವಾಗ. ಇಸಿ ರೂಪದ ಎಣ್ಣೆಯಂಶವು ವಿಷವನ್ನು ಚರ್ಮದ ಮೂಲಕ ಬೇಗ ಒಳಗೊಯ್ಯುತ್ತದೆ. ಆದ್ದರಿಂದ ಕೈಗವಸು, ಕನ್ನಡಕ ಮತ್ತು ತುಂಬುತೋಳಿನ ಅಂಗಿ ಧರಿಸಿಯೇ ಅಳೆಯಿರಿ. ಲೇಬಲ್ಲಿನ ತ್ರಿಕೋನ ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಅತ್ಯಂತ ವಿಷಕಾರಿ, ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವಿಲ್ಲವೆಂದಲ್ಲ.

ಔಷಧಿಯನ್ನು ತಂಪುಪಾನೀಯದ ಅಥವಾ ಮದ್ಯದ ಬಾಟಲಿಗೆ ಎಂದಿಗೂ ವರ್ಗಾಯಿಸಬೇಡಿ. ಖಾಲಿ ಬಾಟಲಿಯನ್ನು ಮೂರು ಬಾರಿ ತೊಳೆದು ಆ ನೀರನ್ನು ಟ್ಯಾಂಕಿಗೇ ಹಾಕಿ, ಬಾಟಲಿಗೆ ತೂತು ಮಾಡಿರಿ. ತವರದ ಸೂರಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಔಷಧಿ ಇಡಬೇಡಿ.

ಯಾರಾದರೂ ಅಕಸ್ಮಾತ್ ನುಂಗಿದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. ಇಸಿ ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ತಕ್ಷಣ 108ಕ್ಕೆ ಕರೆಮಾಡಿ, ಲೇಬಲ್ ಸಹಿತ ಬಾಟಲಿಯನ್ನು ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರು ಚಿಕಿತ್ಸೆಯನ್ನು ತಡವಿಲ್ಲದೆ ಆರಂಭಿಸಬಲ್ಲರು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಗ್ರಾಮಸಭೆ ಅಥವಾ ಕ್ಷೇತ್ರ ಭೇಟಿಯಲ್ಲಿ ಮೂರು ಗಾಜಿನ ಲೋಟಗಳಲ್ಲಿ ಎಸ್‌ಎಲ್, ಇಸಿ ಮತ್ತು ಎಸ್‌ಸಿ ಔಷಧಿಗಳನ್ನು ಪ್ರತ್ಯೇಕವಾಗಿ ಬೆರೆಸಿ, ಅರ್ಧ ಗಂಟೆ ಇಟ್ಟು ತೋರಿಸಿರಿ. ತಿಳಿಯಾದದ್ದು, ಹಾಲಿನಂತಾದದ್ದು ಮತ್ತು ಮಸುಕಾಗಿ ತಳಕ್ಕೆ ಇಳಿಯತೊಡಗಿದ್ದು ಎಂಬ ವ್ಯತ್ಯಾಸವನ್ನು ರೈತರು ಕಣ್ಣಾರೆ ಕಂಡರೆ ಹೆಚ್ಚಿನ ವಿವರಣೆ ಬೇಕಾಗದು. ಆ ಊರಿನ ಕೊಳವೆಬಾವಿಯ ನೀರಿನಲ್ಲೇ ಪ್ರಯೋಗ ಮಾಡಿರಿ. ಪ್ರಯೋಗದ ಲೋಟಗಳನ್ನು ಮತ್ತೆ ಬಳಸದಂತೆ ನಾಶಪಡಿಸಿರಿ.

ಮುಂದಿನ ಬಾರಿ ಹುಳು ಸಾಯದಿದ್ದಾಗ ಪ್ರಮಾಣ ಹೆಚ್ಚಿಸುವ ಮೊದಲು ಐದು ಪ್ರಶ್ನೆ ಕೇಳಿಕೊಳ್ಳಿ: ಲೇಬಲ್ಲಿನ ಅಕ್ಷರಗಳನ್ನು ಓದಿದೆನೇ? ಬಾಟಲಿ ಅಲುಗಾಡಿಸಿದೆನೇ? ಅಳತೆ ಸರಿಯಿತ್ತೇ? ನೀರು ಯಾವುದು? ಕಲಸಿ ಎಷ್ಟು ಹೊತ್ತಾಗಿತ್ತು? ಉತ್ತರ ದೊರೆಯದಿದ್ದರೆ ಬಾಟಲಿ ಮತ್ತು ರಸೀದಿಯೊಂದಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.